ಮಾನ್ಯ ರೆಮಿ ಬೊನಾಲ್ ಅವರಿಗೆ

ಬ್ರೆಸ್ಟ್, 9 ಜನವರಿ 2017

ಒದೀಲ್,

ಹೊಸ ವರ್ಷದ ಶುಭಾಶಯವನ್ನು ಈ ಸಲ ಇಬ್ಬರೂ ಮನಸ್ಸಿನಲ್ಲೇ ಹೇಳಿಕೊಳ್ಳೋಣ. ನೇರವಾಗಿ ವಿಷಯಕ್ಕೆ ಬರುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತೇ ಇದೆ.

ನನ್ನ ತಮ್ಮ ರೆಮಿ ಹೋಗಿ ಮೂರು ತಿಂಗಳಾಯಿತು. ಶನಿವಾರದ ಸಂತೆಯಲ್ಲಿ ಕಾರಂಜಿ ಪಕ್ಕದ ಜಾಗ ಇನ್ನೂ ಅವನ ಹೆಸರಿನಲ್ಲೇ ಇದೆ. ಗಂಡ ತೀರಿಕೊಂಡರೆ ಅವನ ಸಂತೆ ಜಾಗವನ್ನು ಹೆಂಡತಿ ಕೇಳಿ ಪಡೆಯಬಹುದು, ಅವನ ಹಿರಿತನವೂ ಅವಳಿಗೇ ಸೇರುತ್ತದೆ. ಆದರೆ ಆರು ತಿಂಗಳೊಳಗೆ ಕೇಳಬೇಕು. ಕೇಳುವ ಹೊತ್ತಿಗೆ ಅವಳ ಸ್ವಂತ ಹೆಸರಿನಲ್ಲಿ ಕಸುಬಿನ ನೋಂದಣಿ ಆಗಿರಬೇಕು. ಏಪ್ರಿಲ್ ಹತ್ತು ದಾಟಿತೋ, ಜಾಗ ಪಟ್ಟಿಯಲ್ಲಿ ಮುಂದಿರುವವನ ಪಾಲು. ಅವನು ಯಾರು ಅಂತ ನೀನೇ ಬರೆದಿದ್ದೆ, ಹಾಸಿಗೆ ಮಾರುವವನು. ಹಾಸಿಗೆಗೆ ಕಾರಂಜಿ ಯಾತಕ್ಕೆ? ನೀರು ಬೇಕಾಗಿರುವುದು ಹುಲ್ಲು ನೆನೆಸುವವರಿಗೆ. ನಮ್ಮಪ್ಪ ಆ ನೀರಿನಲ್ಲಿ ಹುಲ್ಲು ನೆನೆಸಿ ಕುರ್ಚಿಯ ಆಸನ ಹೆಣೆದ, ಆಮೇಲೆ ರೆಮಿ ಹೆಣೆದ. ನಾನೊಬ್ಬಳು ಪರೀಕ್ಷೆ ಬರೆದು, ಸರ್ಕಾರಿ ಕೌಂಟರಿನ ಹಿಂದೆ ಕೂರುವ ಆಸೆಗೆ ಈ ಸಮುದ್ರದ ಊರಿಗೆ ಓಡಿಬಂದೆ. ಆ ಜಾಗಕ್ಕೆ ನನ್ನಿಂದ ಆಗುವ ಸೇವೆ ಒಂದೇ, ಕಾಗದ ಪತ್ರ.

ಹಾಗಾಗಿ ಕೇಳು. ಗುರುತಿನ ಚೀಟಿಯ ನಕಲು, ಮದುವೆ ಪತ್ರ, ವಿಮೆ ಕಾಗದ, ಆಣೆ ಪತ್ರ, ಮತ್ತೆ ಮೂರು ತಿಂಗಳಿಗಿಂತ ಹಳೆಯದಲ್ಲದ ವಿಳಾಸದ ಪುರಾವೆ. ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸ್. ಎಲ್ಲವನ್ನೂ ಪುರಸಭೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸು, ಮುಟ್ಟಿದ ರಸೀದಿ ಬರುವಂತೆ. ಯಾರಿಗೂ ಫೋನ್ ಮಾಡಬೇಡ. ಫೋನಿನಲ್ಲಿ ಹೇಳಿದ್ದನ್ನು ನಾಳೆ ಯಾರೂ ಹೇಳಿಯೇ ಇಲ್ಲ ಎನ್ನಬಹುದು. ನನಗೂ ಮಾಡಬೇಡ, ಬರೆ.

ಹಾಗೆಯೇ ಅಮ್ಮನ ಕುರ್ಚಿ ಏನಾಯಿತು? ಬೇಸಿಗೆಯಲ್ಲಿ ಹೊಸ ಹುಲ್ಲು ಹಾಕಿಸಲು ರೆಮಿಗೆ ಕೊಟ್ಟು ಬಂದಿದ್ದೆ. ಅವಸರವಿಲ್ಲ, ಸುಮ್ಮನೆ ಕೇಳಿದೆ.

ಸೊಲಾಂಜ್

*

ಬ್ರೆಸಾಕ್, 20 ಜನವರಿ 2017

ಸೊಲಾಂಜ್ ಅಕ್ಕ,

ನಿಮ್ಮ ಕಾಗದ ಕೈಯಲ್ಲಿ ಹಿಡಿದುಕೊಂಡೇ ಪುರಸಭೆಗೆ ಹೋದೆ. ಕಾರ್ಯದರ್ಶಿ ಕೂದೆರ್ಕ್ ಅದನ್ನು ಓದಲು ಕೇಳಿದರು. ಓದಿ, ಕನ್ನಡಕ ತೆಗೆದು, "ಬರೆದೋರು ಯಾರು? ಇಂಥೋರು ನಮ್ಮ ಆಫೀಸಲ್ಲಿ ಒಬ್ರು ಇದ್ದಿದ್ರೆ ನಾನು ಮಧ್ಯಾಹ್ನ ನೆಮ್ಮದಿಯಾಗಿ ಊಟ ಮಾಡ್ತಿದ್ದೆ" ಅಂದರು. ನನಗೆ ಹೆಮ್ಮೆಯಾಯಿತು. ನನ್ನ ಗಂಡನ ಅಕ್ಕ ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ.

ಆಣೆ ಪತ್ರ ಅಂದಿರಲ್ಲ, ಅದರಲ್ಲಿ ಏನು ಬರೆಯಬೇಕು ಅಂತ ನೀವು ಹೇಳಿರಲಿಲ್ಲ. ಕುರ್ಚಿಗೆ ಹುಲ್ಲು ಹೆಣೆಯುವುದಕ್ಕೂ ನಾನು ಯಾವ ಅಪರಾಧಕ್ಕೂ ಶಿಕ್ಷೆ ಅನುಭವಿಸಿಲ್ಲ ಅಂತ ಬರೆಯಬೇಕಂತೆ. ಅಪ್ಪನ ಹೆಸರು, ಅಮ್ಮನ ತವರಿನ ಹೆಸರು ಕೂಡ.

"ಒದೀಲ್ ಅವ್ರೆ, ಯಾವಾಗಾದ್ರೂ ಜೈಲಿಗೆ ಹೋಗಿದ್ರಾ?"

"ನಿಮ್ಮ ಆಫೀಸಿಗೆ ಬಂದು ಬೆಳಿಗ್ಗೆಯಿಂದ ಕೂತಿದೀನಲ್ಲ, ಅದು ಲೆಕ್ಕಕ್ಕೆ ಬರುತ್ತಾ?"

"ಅದಕ್ಕೆ ಇಲ್ಲಿ ಕಾಲಂ ಇಲ್ಲ" ಅಂದರು. ನಗಲಿಲ್ಲ. ಅವರು ನಗುವುದು ಕಡಿಮೆ.

ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು, ನನ್ನ ಕೈಯಲ್ಲೇ ಬರೆಸಿ, ಕೆಳಗೆ ಸಹಿ ಹಾಕಿಸಿಕೊಂಡರು. ಅಷ್ಟೇ. ಸಾಕ್ಷಿ ಕೇಳಲಿಲ್ಲ, ಠಸ್ಸೆ ಕೇಳಲಿಲ್ಲ. ನನ್ನ ಮಾನದ ಮೇಲೆ ಆಣೆಯಿಟ್ಟು ನಾನು ಹೇಳಿದೆ, ದೇಶ ನಂಬಿತು. ನಿಮಗೆ ಇದು ದಿನನಿತ್ಯದ ವಿಷಯ ಇರಬಹುದು. ಮೂವತ್ತು ವರ್ಷ ರೆಮಿಯ ಹಿಂದೆ ಕೂತು ಹುಲ್ಲು ನೆನೆಸಿ ಹೊಸೆದು ಕೊಟ್ಟವಳು ನಾನು, ನನ್ನ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ಆ ಹಾಳೆ ಅವರ ಕಡತಕ್ಕೆ ಸೇರುವಾಗ ಒಂಥರಾ ಅನಿಸಿತು.

ಎಲ್ಲ ಕೊಟ್ಟಿದ್ದೇನೆ. ಒಂದೇ ಒಂದು ಚಿಕ್ಕ ಕಾಗದ ಬಾಕಿ ಇದೆ. ನೋಡೋಣ.

ಅಮ್ಮನ ಕುರ್ಚಿ ಇಲ್ಲೇ ಇದೆ, ಚೆನ್ನಾಗಿದೆ.

ಒದೀಲ್

*

ಬ್ರೆಸ್ಟ್, 27 ಜನವರಿ 2017

ಒದೀಲ್,

ಕೌಂಟರಿನ ಆಚೆ ನಿಂತು "ಒಂದೇ ಒಂದು ಚಿಕ್ಕ ಕಾಗದ ಬಾಕಿ" ಎನ್ನುವವರನ್ನು ನಾನು ಎಷ್ಟು ನೋಡಿಲ್ಲ. ಆ ಚಿಕ್ಕ ಕಾಗದವೇ ಯಾವಾಗಲೂ ಬಾಗಿಲ ಚಿಲಕ.

ಯಾವುದು ಅಂತ ಊಹಿಸಿದೆ. ವಿಳಾಸದ ಪುರಾವೆ ಅಲ್ಲವೇ? ಕರೆಂಟ್ ಬಿಲ್ ರೆಮಿ ಹೆಸರಿನಲ್ಲಿದೆ, ಬೇರೆ ಯಾವ ಬಿಲ್ಲೂ ನಿನ್ನ ಹೆಸರಿನಲ್ಲಿಲ್ಲ. ನಮ್ಮ ಮನೆ ಗಂಡಸರಿಗೆ ತಮ್ಮ ಹೆಸರು ಲಕೋಟೆ ಮೇಲೆ ನೋಡುವ ಹುಚ್ಚು. ಒಂದೇ ಮನೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ್ದೀಯ, ಕಾಗದದ ಪ್ರಕಾರ ನೀನು ಎಲ್ಲೂ ವಾಸ ಮಾಡುತ್ತಿಲ್ಲ. ಮನೆ ತೆರಿಗೆ ನಿನ್ನ ಹೆಸರಿಗೆ ಬರುವುದು ಶರತ್ಕಾಲಕ್ಕೆ, ಅಷ್ಟರೊಳಗೆ ಹಾಸಿಗೆಯವನು ಕಾರಂಜಿ ಪಕ್ಕ ಮಲಗಿರುತ್ತಾನೆ.

ಇದೇನು ಬ್ರಹ್ಮವಿದ್ಯೆಯಲ್ಲ. ವಿದ್ಯುತ್ ಕಂಪನಿಗೆ ಒಂದು ಪತ್ರ ಬರೆ. ನಿನ್ನ ಸಹಿ, ನಿನ್ನ ಗುರುತಿನ ಚೀಟಿಯ ನಕಲು, ಜೊತೆಗೆ ಮರಣ ಪತ್ರ. ಹದಿನೈದು ದಿನದಲ್ಲಿ ನಿನ್ನ ಹೆಸರಿಗೆ ಬಿಲ್ ಬರುತ್ತದೆ. ಮರಣ ಪತ್ರ ಬೇಕಾದರೆ ನನ್ನ ಹತ್ತಿರ ಇದೆ. ಮಣ್ಣು ಮಾಡಿದ ದಿನ ಅಳುತ್ತಲೇ ಕೂದೆರ್ಕ್ ಹತ್ತಿರ ಒಂದು ಡಜನ್ ಕೇಳಿ ಇಸಕೊಂಡಿದ್ದೆ. ನೀನು ಆ ಹೊತ್ತಿನಲ್ಲಿ ನನ್ನನ್ನು ಒಂದು ಥರ ನೋಡಿದೆ, ನೆನಪಿದೆ. ಈಗ ಉಪಯೋಗಕ್ಕೆ ಬಂತೋ ಇಲ್ಲವೋ?

ಸೊಲಾಂಜ್

*

ಬ್ರೆಸಾಕ್, 12 ಫೆಬ್ರವರಿ 2017

ಅಕ್ಕ,

ಇಲ್ಲಿ ಹಿಮ ಮೊಣಕಾಲು ಮಟ್ಟ ಬಿದ್ದಿದೆ. ಅಂಚೆಯ ಜೋಸ್ಯಾನ್ ಎರಡು ದಿನ ಮೇಲೆ ಹತ್ತಿ ಬರಲಿಲ್ಲ. ನಿಮಗೆ ಕಾಂತಾಲ್ ಚೀಸ್ ಕಳಿಸಿದ್ದೇನೆ, ಹಳೆಯದು, ನೀವು ಇಷ್ಟಪಡುವಂತೆ ಕೈಯಲ್ಲಿ ಪುಡಿಯಾಗುವಂಥದ್ದು. ಮೂಲೆಯ ಅಂಗಡಿ ಬ್ರೆಡ್ ಈಗ ಚೆನ್ನಾಗಿಲ್ಲ, ಹೊಸಬ ಬಂದಿದ್ದಾನೆ.

ಹಾಸಿಗೆಯವನು ಮನೆಗೆ ಬಂದಿದ್ದ. "ನಿಮಗೆ ಕಷ್ಟ ಆಗೋದಾದ್ರೆ ಹೇಳಿ ಒದೀಲಮ್ಮ, ರೆಮಿಯವ್ರು ಕೆಲ್ಸ ಮಾಡ್ತಿದ್ದ ಕೊಟ್ಟಿಗೇಲಿರೋ ಹಳೇ ಕುರ್ಚಿಗಳನ್ನೆಲ್ಲ ನಾನೇ ಸಾಗಿಸಿ ಕೊಡ್ತೀನಿ" ಅಂದ. ಕಾಫಿ ಕೊಟ್ಟು ಕಳಿಸಿದೆ. ಕೆಟ್ಟವನಲ್ಲ.

ಕರೆಂಟ್ ಕಂಪನಿಗೆ ಬರೆಯುತ್ತೇನೆ.

ಒದೀಲ್

*

ಬ್ರೆಸ್ಟ್, 27 ಫೆಬ್ರವರಿ 2017

ಒದೀಲ್,

ನಿನ್ನ ಚೀಸ್ ತಿಂದೆ, ಚೆನ್ನಾಗಿತ್ತು. ನಿನ್ನ ಕಾಗದ ಗಂಟಲಲ್ಲಿ ಇಳಿಯಲಿಲ್ಲ.

ಹಿಮ, ಬ್ರೆಡ್, ಹಾಸಿಗೆಯವನಿಗೆ ಕಾಫಿ. ಅರ್ಜಿಯ ಸುದ್ದಿ ಒಂದು ಸಾಲು. ಕೌಂಟರಿನ ಹಿಂದೆ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು, ಯಾರು ಏನನ್ನು ಮುಚ್ಚಿಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಜಾಗ ಬಿಟ್ಟುಕೊಡುವ ಮಾತಾಗಿದ್ದರೆ ನೇರವಾಗಿ ಹೇಳು. ಕುರ್ಚಿಗಳನ್ನು ಅವನಿಗೆ ಸಾಗಿಸಿಬಿಡುವ ಯೋಚನೆಯಿದ್ದರೆ ಅದನ್ನೂ ಹೇಳು. ಅಮ್ಮನ ಕುರ್ಚಿಯೂ ಅದೇ ಗಾಡಿ ಹತ್ತುತ್ತದೆಯೇ? ಚೆನ್ನಾಗಿದೆ ಅಂತ ಬರೆದಿದ್ದೀಯೇ ಹೊರತು ಮುಗಿದಿದೆಯೋ ಇಲ್ಲವೋ ಅಂತ ಬರೆದಿಲ್ಲ.

ನಿನಗೆ ಆಗದಿದ್ದರೆ ಬಿಡು. ಮರಣ ಪತ್ರ ನನ್ನ ಹತ್ತಿರ ಇದೆ, ಬಿಲ್ಲಿನ ನಂಬರು ರೆಮಿಯ ಹಳೆಯ ಕಾಗದದಲ್ಲಿ ಸಿಕ್ಕಿತು. ವಿದ್ಯುತ್ ಕಂಪನಿಗೆ ಇವತ್ತೇ ನಾನೇ ಬರೆದು ರಿಜಿಸ್ಟರ್ಡ್ ಮಾಡಿ ಬಂದಿದ್ದೇನೆ. ರೆಮಿ ಬೊನಾಲ್ ಹೆಸರು ತೆಗೆದು ಒದೀಲ್ ಬೊನಾಲ್ ಹೆಸರು ಹಾಕಿ ಅಂತ. ಅಪ್ಪನ ಜಾಗ ನನ್ನ ಕಣ್ಣೆದುರು ಹಾಸಿಗೆ ಅಂಗಡಿ ಆಗುವುದು ಬೇಡ.

ಸೊಲಾಂಜ್

*

ಬ್ರೆಸಾಕ್, 28 ಫೆಬ್ರವರಿ 2017

ಸೊಲಾಂಜ್ ಅಕ್ಕ,

ನಿಮಗೆ ಸುಳ್ಳು ಬರೆದೆ. ಕರೆಂಟ್ ಕಂಪನಿಗೆ ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ, ಆಮೇಲೆ ಬೈಯಿರಿ.

ಅಕ್ಟೋಬರಿನಲ್ಲಿ ನೀವು ಪಕ್ಕದಲ್ಲಿ ಕೂತು ಬ್ಯಾಂಕಿಗೆ, ಪಿಂಚಣಿಗೆ, ಡಾಕ್ಟರಿಗೆ, ಬೇಟೆಗಾರರ ಸಂಘಕ್ಕೆ ಎಲ್ಲರಿಗೂ ಬರೆಸಿದಿರಿ. ನಾನು ಸಹಿ ಹಾಕುತ್ತಾ ಹೋದೆ. ಒಬ್ಬೊಬ್ಬರಾಗಿ ಉತ್ತರ ಕೊಟ್ಟರು, ದಿವಂಗತ ರೆಮಿ ಬೊನಾಲ್ ಅಂತ. ಒಂದೊಂದು ಬಂದಾಗಲೂ ಮನೆಯಿಂದ ಒಂದೊಂದು ಸಾಮಾನು ಹೊರಗೆ ಸಾಗಿಸಿದ ಹಾಗೆ ಆಯಿತು. ಕರೆಂಟ್ ಕಂಪನಿ ಹೇಗೋ ಮರೆತುಹೋಗಿತ್ತು. ನವೆಂಬರಿನಲ್ಲಿ ಜೋಸ್ಯಾನ್ ಮೊದಲಿನ ಹಾಗೆಯೇ ಗೇಟಿನಿಂದ ಕೂಗಿದಳು, "ರೆಮಿ ಅವ್ರೆ, ಕಾಗದ!" ಕೂಗಿದ ಮೇಲೆ ಅವಳಿಗೆ ನೆನಪಾಯಿತು, ಪಾಪ, ಅಲ್ಲೇ ನಿಂತುಬಿಟ್ಟಳು. "ತಪ್ಪಾಯ್ತು ಕಣ್ರೀ, ಲಕೋಟೆ ನೋಡಿ ಬಾಯಿಗೆ ಬಂದ್ಬಿಡ್ತು."

"ತಪ್ಪೇನಿಲ್ಲ, ಅವ್ರಿಗೇ ಬಂದಿದೆಯಲ್ಲ" ಅಂದೆ.

ಮಾನ್ಯ ರೆಮಿ ಬೊನಾಲ್ ಅವರಿಗೆ ಅಂತ ಇತ್ತು. ದಿವಂಗತ ಇರಲಿಲ್ಲ. ಎರಡು ತಿಂಗಳಿಗೊಮ್ಮೆ ಬರುತ್ತದೆ. ಇಡೀ ಫ್ರಾನ್ಸಿನಲ್ಲಿ ಆ ಕಂಪನಿಯವರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಅವರ ಪಾಲಿಗೆ ರೆಮಿ ದೀಪ ಹಾಕುತ್ತಾನೆ, ಆರಿಸುತ್ತಾನೆ, ಕೊಟ್ಟಿಗೆಯಲ್ಲಿ ಹೀಟರ್ ಹಾಕಿಕೊಂಡು ಕೂರುತ್ತಾನೆ. ಪೆನ್ನು ಹಿಡಿದು ಕೂತೆ ಅಕ್ಕ, ನಿಜವಾಗಿ ಕೂತೆ. "ರೆಮಿ ಬೊನಾಲ್ ಹೆಸರನ್ನು" ಅನ್ನುವ ತನಕ ಕೈ ಓಡುತ್ತದೆ. ಮುಂದಿನ ಶಬ್ದ ಬರೆಯಲಾಗುವುದಿಲ್ಲ.

ಜಾಗ ನನಗೆ ಬೇಡವೆಂದಲ್ಲ. ತುಂಬ ಬೇಕು. ಶನಿವಾರ ಬೆಳಿಗ್ಗೆ ಎದ್ದರೆ ಕೈ ತಾನೇ ಹುಲ್ಲಿನ ಕಟ್ಟು ಹುಡುಕುತ್ತದೆ. ಆದರೆ ಅದಕ್ಕೆ ಇದನ್ನು ಕೊಡಬೇಕು ಎಂದರೆ ನನ್ನಿಂದ ಆಗದು. ಹಾಸಿಗೆಯವನು ಬರಲಿ.

ಅಮ್ಮನ ಕುರ್ಚಿ ಅರ್ಧ ಆಗಿದೆ. ರೆಮಿ ಹೋಗುವ ಹಿಂದಿನ ದಿನ ಕೆಲಸ ಬಿಟ್ಟು ಎದ್ದು ಬಂದಾಗ ಎಲ್ಲಿಗೆ ಬಿಟ್ಟಿದ್ದನೋ ಅಲ್ಲಿಗೇ ನಿಂತಿದೆ. ಕೊಟ್ಟಿಗೆಯ ಬಾಗಿಲು ತೆಗೆದು ನೋಡಿ ಮತ್ತೆ ಹಾಕುತ್ತೇನೆ. ಅದಕ್ಕೇ ಬರೆದಿರಲಿಲ್ಲ.

ಒದೀಲ್

*

ಬ್ರೆಸ್ಟ್, 3 ಮಾರ್ಚ್ 2017

ಒದೀಲ್, ಪುಟ್ಟ,

ನಿನ್ನ ಕಾಗದ ಇವತ್ತು ಬಂತು. ನನ್ನದು ನಿನಗೆ ಆಗಲೇ ಮುಟ್ಟಿರುತ್ತದೆ. ದಾರಿಯಲ್ಲಿ ಎಲ್ಲೋ ಎರಡೂ ಒಂದರ ಪಕ್ಕ ಒಂದು ಹಾದುಹೋದವು.

ನಾನು ಏನು ಮಾಡಿಬಿಟ್ಟೆ ಅಂತ ಈಗ ತಿಳಿಯಿತು. ಅವನ ಹೆಸರು ತೆಗೆಯಿರಿ ಅಂತ ನನ್ನ ಕೈಯಾರೆ ಬರೆದು, ಮರಣ ಪತ್ರ ಲಗತ್ತಿಸಿ, ಮುಟ್ಟಿದ ರಸೀದಿ ಸಮೇತ ಕಳಿಸಿದ್ದೇನೆ. ನೀನು ಕಾಗದಕ್ಕೆ ಹೆದರುತ್ತೀಯ ಅಂದುಕೊಂಡಿದ್ದೆ. ಜಾಗ ಮಾರಲು ಹೊರಟಿದ್ದೀಯ ಅಂತಲೂ ಅಂದುಕೊಂಡೆ, ದೇವರು ನನ್ನನ್ನು ಕ್ಷಮಿಸಲಿ.

ನನ್ನ ಅರ್ಜಿ ವಾಪಸ್ ಪಡೆಯುತ್ತೇನೆ ಅಂತ ಈಗಲೇ ಇನ್ನೊಂದು ರಿಜಿಸ್ಟರ್ಡ್ ಹಾಕಿ ಬಂದೆ. ಫೋನನ್ನೂ ಮಾಡಿದೆ. ನಾನು, ಫೋನು! ಸಂಗೀತ ಕೇಳಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹೊಸ ಬಿಲ್ಲು ಏನು ಬಂದರೂ ನೀನು ಲಕೋಟೆ ಒಡೆಯಬೇಡ, ಹಾಗೆಯೇ ನನಗೆ ಕಳಿಸು.

ಸೊಲಾಂಜ್

*

ಬ್ರೆಸ್ಟ್, 16 ಮಾರ್ಚ್ 2017

ಒದೀಲ್,

ಕೂತುಕೊಂಡು ಓದು. ಕಂಪನಿಯಿಂದ ಉತ್ತರ ಬಂತು, ಹೀಗಿದೆ: "ನಿಮ್ಮ ಕೋರಿಕೆಯಲ್ಲಿ ಸದರಿ ಮನೆಯ ನಿವಾಸಿಯ ಸಹಿ ಹಾಗೂ ಗುರುತಿನ ಚೀಟಿಯ ನಕಲು ಇರುವುದಿಲ್ಲ. ಕಡತ ಅಪೂರ್ಣ. ಅಗತ್ಯ ದಾಖಲೆಗಳು ಬರುವ ತನಕ ಒಪ್ಪಂದವು ಈಗಿರುವ ಹೆಸರಿನಲ್ಲೇ ಮುಂದುವರಿಯುತ್ತದೆ."

ಕಡತ ಅಪೂರ್ಣ! ಈ ಎರಡು ಶಬ್ದವನ್ನು ನಾನು ಎಷ್ಟು ಜನರ ಮುಖಕ್ಕೆ ಹೇಳಿದ್ದೇನೋ. ಗೊಣಗಿಕೊಂಡು ಹೋದರು, ಶಪಿಸಿ ಹೋದರು, ಒಬ್ಬ ಮುದುಕ ಟೋಪಿ ನೆಲಕ್ಕೆ ಬಿಸಾಕಿ ಹೋದ. ನಿನಗೆ ಯಾವ ಯಾವ ಕಾಗದ ಬೇಕು ಅಂತ ಪಟ್ಟಿ ಮಾಡಿ ಬರೆದವಳೇ ಸಿಟ್ಟಿನಲ್ಲಿ ಎರಡು ಕಾಗದ ಬಿಟ್ಟು ಅರ್ಜಿ ಹಾಕಿದ್ದೇನೆ. ಅಲ್ಲೆಲ್ಲೋ ಒಂದು ಮೇಜಿನ ಹಿಂದೆ ನನ್ನಂಥದೇ ಒಂದು ಗಯ್ಯಾಳಿ ಕೂತು, ಇದು ಸಾಲದು, ಯಾರೋ ಕೇಳಿದರು ಅಂತ ಒಬ್ಬ ಮನುಷ್ಯನ ಹೆಸರು ತೆಗೆಯಲು ಬರುವುದಿಲ್ಲ ಅಂದಿದ್ದಾಳೆ. ಆ ಪುಣ್ಯಾತ್ಗಿತ್ತಿ ಯಾರೋ ಗೊತ್ತಿಲ್ಲ. ಎದುರಿಗೆ ಸಿಕ್ಕರೆ ಎರಡೂ ಕೆನ್ನೆಗೆ ಮುತ್ತು ಕೊಡುತ್ತೇನೆ. ಜನ ಬಯ್ಯುವ ಈ ಬಿಗಿಯನ್ನು ನಾನು ಬದುಕಿಡೀ ಮೆಚ್ಚಿದ್ದೆ, ಇವತ್ತು ಯಾಕೆ ಅಂತ ಅರ್ಥವಾಯಿತು.

ಈಗ ಜಾಗದ ವಿಷಯ. ನಿನ್ನ ಕಾಗದ ಮೇಜಿನ ಮೇಲಿಟ್ಟುಕೊಂಡು ಒಂದು ವಾರ ಯೋಚಿಸಿದೆ. ಒದೀಲ್, ನಿಯಮ ಕೇಳುವುದು ವಿಳಾಸದ ಒಂದು ಪುರಾವೆ. ಎಲ್ಲರೂ ಕರೆಂಟ್ ಬಿಲ್ ಕೊಡುತ್ತಾರೆ, ಅದು ರೂಢಿ ಅಷ್ಟೇ, ನಿಯಮವಲ್ಲ. ನಮ್ಮ ಬ್ರೆಸಾಕಿನಲ್ಲಿ ನೀರು ಯಾರದು? ಕಂಪನಿಯದಲ್ಲ, ಪುರಸಭೆಯದೇ. ಬಿಲ್ಲು ಬರೆಯುವವರು ಕೂದೆರ್ಕ್. ಅವರಿಗೆ ರೆಮಿ ಹೋದ ಸುದ್ದಿ ಯಾರೂ ತಿಳಿಸಬೇಕಾಗಿಲ್ಲ, ಮರಣ ಪತ್ರ ಬರೆದವರೇ ಅವರು. ನೀರನ್ನು ನಿನ್ನ ಹೆಸರಿಗೆ ಮಾಡಿಸಿಕೋ. ಬಿಲ್ಲು ಬಂದ ದಿನವೇ ಕಡತಕ್ಕೆ ಹಾಕು.

ನೀರು ನಿನ್ನದಾಗಲಿ, ದೀಪ ಅವನ ಹೆಸರಿನಲ್ಲೇ ಇರಲಿ.

ದೀಪದ ಮಾತನ್ನು ನಾನೂ ಎತ್ತುವುದಿಲ್ಲ. ಬಿಲ್ಲು ಹೊತ್ತಿಗೆ ಸರಿಯಾಗಿ ಕಟ್ಟಿದರೆ ಈ ದೇಶದಲ್ಲಿ ಕಟ್ಟಿದವರು ಯಾರು ಅಂತ ಯಾರೂ ಕೇಳಿದ್ದು ನಾನು ಕಂಡಿಲ್ಲ. ಕೇಳಿದ ದಿನ ಇಬ್ಬರೂ ಕೂತು ಬರೆಯೋಣ.

ಒಂದು ಮಾತು. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಮೊದಲ ವಾರವೇ ಎಲ್ಲ ಹೆಸರನ್ನೂ ತೆಗೆಸಿ, ಕಡತ ಪೂರ್ಣ ಅಂತ ಬೀಗುತ್ತಿದ್ದೆ. ನಿನ್ನ ಹಟ ನನಗಿಲ್ಲ. ಇದನ್ನು ಹೊಗಳಿಕೆ ಅಂತಲೇ ತಿಳಿದುಕೋ.

ಸೊಲಾಂಜ್

*

ಬ್ರೆಸಾಕ್, 8 ಏಪ್ರಿಲ್ 2017, ಶನಿವಾರ

ಸೊಲಾಂಜ್ ಅಕ್ಕ,

ಈ ಕಾಗದವನ್ನು ಕಾರಂಜಿ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಳೆ ಒದ್ದೆಯಾಗಿದ್ದರೆ ಅದಕ್ಕೇ.

ಕೂದೆರ್ಕ್ ಹತ್ತಿರ ಹೋಗಿ, ನೀರು ನನ್ನ ಹೆಸರಿಗೆ ಮಾಡಿಕೊಡಿ ಅಂದೆ. ಅವರು ಪೆನ್ನು ಕೆಳಗಿಟ್ಟು, "ಅಯ್ಯೋ, ನೀರು ನಮ್ದೇ ಅಲ್ವಾ, ನನಗೆ ಹೊಳೀಲೇ ಇಲ್ವಲ್ರೀ" ಅಂದರು. ಆಮೇಲೆ, "ಇದು ನಿಮ್ಮ ಯೋಚನೆ ಅಲ್ಲ, ಬ್ರೆಸ್ಟಿಂದು" ಅಂದರು. ಒಪ್ಪಿಕೊಂಡೆ. ಹೆಸರು ಬದಲಾಯಿಸಬೇಕಾದರೆ ಮೀಟರ್ ನೋಡಲೇಬೇಕಂತೆ. ನಳದ ಕೆಲಸದವನು ರಜೆಯಲ್ಲಿದ್ದ, ಅವನು ಬರುವ ತನಕ ಕಾದರೆ ಗಡುವು ದಾಟುತ್ತಿತ್ತು. ಮನುಷ್ಯ ಕೋಟು ಹಾಕಿಕೊಂಡು, ಟಾರ್ಚು ಹಿಡಿದು, ನಮ್ಮ ನೆಲಮಾಳಿಗೆಗೆ ತಾನೇ ಇಳಿದರು. ಕೆಳಗಿನಿಂದ ಅಂಕಿ ಕೂಗಿದರು, ನಾನು ಮೇಲೆ ನಿಂತು ಬರೆದುಕೊಂಡೆ. ಮೇಲೆ ಹತ್ತಿ ಬಂದಾಗ ತಲೆ ತುಂಬ ಜೇಡರ ಬಲೆ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು, "ಅಂದ ಹಾಗೆ, ಕರೆಂಟು?"

"ಅದು ರೆಮಿದು" ಅಂದೆ.

ಅವರು ಸ್ವಲ್ಪ ಹೊತ್ತು ಟೋಪಿಯ ಧೂಳು ಕೊಡವಿದರು. "ಕರೆಂಟು ನಮ್ಮ ಆಫೀಸಿಗೆ ಸೇರಿದ್ದಲ್ಲ" ಅಂದು ಇಳಿದು ಹೋದರು. ಅವರನ್ನು ಒಣಕಲು ಮನುಷ್ಯ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ನೋಂದಣಿ ನಂಬರು ಮೊನ್ನೆ ಬಂತು. ಅವತ್ತೇ ಜಾಗಕ್ಕೆ ಅರ್ಜಿ ಕೊಟ್ಟೆ, ನಿನ್ನೆ ಒಪ್ಪಿಗೆ ಸಿಕ್ಕಿತು. ಇವತ್ತು ಸಂತೆಯ ಬಾಡಿಗೆ ವಸೂಲಿಯವನು ರಸೀದಿಯ ಮೇಲೆ ಒದೀಲ್ ಬೊನಾಲ್ ಅಂತ ಬರೆದು ಹರಿದುಕೊಟ್ಟ. ಹಾಸಿಗೆಯವನು ಚರ್ಚಿನ ಕಡೆ ಗಾಡಿ ನಿಲ್ಲಿಸಿಕೊಂಡಿದ್ದಾನೆ. ಅಲ್ಲಿಂದಲೇ ಕೂಗಿದ, "ಒದೀಲಮ್ಮ, ನೀವು ಕುರ್ಚಿ ಕೊಡ್ತೀರಿ, ಜನ ಎದ್ದೇ ಕೂತಿರ್ತಾರೆ. ನನ್ನ ವ್ಯಾಪಾರ ಹಾಳು." ಮಧ್ಯಾಹ್ನ ಅಡುಗೆಮನೆಯ ಎರಡು ಕುರ್ಚಿ ತಂದು ನನ್ನ ಮುಂದೆಯೇ ಇಟ್ಟ, ರಿಪೇರಿಗೆ.

ನೀವು ಹಾಸಿಗೆಯವನ ವಿಷಯ ಬರೆದದ್ದು ನನಗೆ ಮೊದಲ ದಿನ ಚುಚ್ಚಿತು, ನಿಜ. ಆಮೇಲೆ ಅನಿಸಿತು, ನಾನು ಹೇಳದೇ ಇದ್ದುದನ್ನು ನೀವು ಹೇಗೆ ಓದುತ್ತೀರಿ? ಇನ್ನು ಮೇಲೆ ಹೇಳುತ್ತೇನೆ. ನಿಮಗೆ ಬರುವ ವಿದ್ಯೆ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ನಾವು ಹುಲ್ಲು ನೋಡಿ ಯಾವುದು ಬಾಗುತ್ತದೆ, ಯಾವುದು ಮುರಿಯುತ್ತದೆ ಅಂತ ಹೇಳುತ್ತೇವೆ. ನೀವು ನಿಯಮ ನೋಡಿ ಹೇಳುತ್ತೀರಿ.

ಒದೀಲ್

*

ಬ್ರೆಸಾಕ್, 11 ಮೇ 2017

ಸೊಲಾಂಜ್ ಅಕ್ಕ,

ಅಮ್ಮನ ಕುರ್ಚಿ ನಿನ್ನೆ ಲಾರಿಯವನ ಕೈಯಲ್ಲಿ ಕಳಿಸಿದ್ದೇನೆ. ಅರ್ಧ ರೆಮಿ ಹೆಣೆದದ್ದು, ಅರ್ಧ ನಾನು. ಅವನ ಎಳೆತ ನನ್ನದಕ್ಕಿಂತ ಬಿಗಿ, ಕಿಟಕಿಯ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಅದನ್ನು ಮರೆಸಲು ಹೋಗಲಿಲ್ಲ. ನಿಮಗೆ ಇಷ್ಟವಾಗಬಹುದು ಅಂದುಕೊಂಡಿದ್ದೇನೆ. ನೋಟಕ್ಕೆ ಇಟ್ಟುಕೊಳ್ಳಬೇಡಿ, ಕೂತುಕೊಳ್ಳಿ.

ಇವತ್ತು ಜೋಸ್ಯಾನ್ ಗೇಟಿನ ಹತ್ತಿರ ಬಂದು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. "ಕೂಗು, ಕೂಗು, ನನಗೇನೂ ಬೇಜಾರಿಲ್ಲ" ಅಂದೆ. ಕೂಗಿದಳು. ಬೀದಿಗೆಲ್ಲ ಕೇಳಿಸಿತು.

ಎರಡು ಬಿಲ್ಲು ಒಟ್ಟಿಗೆ ಬಂದಿವೆ. ನೀರಿನದು ನನಗೆ, ಕರೆಂಟಿನದು ಅವನಿಗೆ. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದೇನೆ. ಅವನದರಲ್ಲಿ ಈ ಸಲ ಒಂದು ಹಸಿರು ಚೀಟಿ ಇತ್ತು. ಹಾಗೆಯೇ ಬರೆಯುತ್ತೇನೆ: "ಮಾನ್ಯ ರೆಮಿ ಬೊನಾಲ್ ಅವರೇ, ಅಭಿನಂದನೆಗಳು. ಕಳೆದ ವರ್ಷದ ಇದೇ ಅವಧಿಗಿಂತ ನೀವು ಬಹಳ ಕಡಿಮೆ ವಿದ್ಯುತ್ ಬಳಸಿದ್ದೀರಿ."

ಓದಿ ನಕ್ಕೆ ಅಕ್ಕ, ಆಮೇಲೆ ಅತ್ತೆ. ಚಳಿಗಾಲ ಪೂರ್ತಿ ಅವನ ಕೊಟ್ಟಿಗೆಯ ದೀಪ ನಾನು ಹಾಕಿರಲೇ ಇಲ್ಲ, ಹೀಟರೂ ಇಲ್ಲ, ಬಾಗಿಲು ತೆಗೆಯುತ್ತಿದ್ದೆ, ಹಾಕುತ್ತಿದ್ದೆ. ಈಗ ಆರ್ಡರು ಬಂದಿವೆ. ಚರ್ಚಿನ ಕುರ್ಚಿಗಳೂ ನನಗೇ ಸಿಕ್ಕಿವೆ. ದಿನಾ ಬೆಳಗಾಗುವ ಮೊದಲೇ ಕೊಟ್ಟಿಗೆಗೆ ಹೋಗಿ, ಅವನ ದೀಪ ಹಾಕಿಕೊಂಡು ಕೂರುತ್ತೇನೆ.

ಮುಂದಿನ ಬಿಲ್ಲಿನಲ್ಲಿ ಅವನಿಗೆ ಅಭಿನಂದನೆ ಇರುವುದಿಲ್ಲ.

ಒದೀಲ್